ಚಳಿಗಾಲದ ಸ್ಪಿತಿಗೆ ಪಿಕಪ್ ಕ್ಯಾಂಪರ್: ಕಟ್ಟಿಸುವ ಮುನ್ನ ತಿಳಿದಿರಬೇಕಾದದ್ದು

ಜನವರಿಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಗಾಡಿ ಹೋಗುವುದು ಕಿನ್ನೌರ್ ಕಡೆಯಿಂದ ಮಾತ್ರ: ಶಿಮ್ಲಾ, ರಾಂಪುರ, ರೆಕಾಂಗ್ ಪಿಯೊ, ನಾಕೊ, ತಾಬೊ, ಕಾಜಾ. ಮನಾಲಿಯಿಂದ ಅಟಲ್ ಸುರಂಗ ದಾಟಿದರೂ ಮುಂದೆ ಕುಂಜುಮ್ ಪಾಸ್ ಹಿಮದಲ್ಲಿ ಮುಚ್ಚಿರುತ್ತದೆ. ಕಾಜಾ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ರಾತ್ರಿ ಮೈನಸ್ 20 ಡಿಗ್ರಿ ಅಲ್ಲಿ ಅಪರೂಪವಲ್ಲ. ಕ್ಯಾಂಪರ್ ಎಂದರೆ ಪಿಕಪ್ ಗಾಡಿಯ ಹಿಂಭಾಗದಲ್ಲಿ ಕೂರಿಸುವ, ಒಳಗೆ ಮಲಗಬಹುದಾದ ಪೆಟ್ಟಿಗೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಟ್ಟಿಸಿದ ಪೆಟ್ಟಿಗೆ ಕೊಡಗು, ಊಟಿಗೆ ಸಾಕು. ಸ್ಪಿತಿಗೆ ಬೇರೆಯೇ ಲೆಕ್ಕ ಬೇಕು.

ಹಿಂದಿನ ಬಾಡಿ ಕತ್ತರಿಸುವುದು, ಚಾಸಿಗೆ ವೆಲ್ಡ್ ಮಾಡಿಸುವುದು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂಥ ಬದಲಾವಣೆಗೆ ಅಡ್ಡ ಬರುತ್ತದೆ. ಬೋಲ್ಟ್ ಬಿಚ್ಚಿ ಕೆಳಗಿಳಿಸುವಂಥ ಪೆಟ್ಟಿಗೆ ಮಾಡಿಸಿ, ಅದಕ್ಕೂ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಗಾಡಿ ಓಡುವಾಗ ಒಳಗೆ ಯಾರೂ ಕೂರಬಾರದು. ನೀರು, ಡೀಸೆಲ್, ಜನ ಎಲ್ಲ ಸೇರಿಸಿ ವೇಬ್ರಿಡ್ಜ್ ಮೇಲೆ ತೂಗಿ, ಆರ್‌ಸಿಯಲ್ಲಿರುವ ಒಟ್ಟು ತೂಕ ಮೀರಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಹೆಚ್ಚಿನವರು ಮೊದಲು ಹೀಟರ್ ಹುಡುಕುತ್ತಾರೆ. ಮೊದಲು ನೋಡಬೇಕಾದದ್ದು ಗೋಡೆ. ಪೆಟ್ಟಿಗೆ 2.4 ಮೀಟರ್ ಉದ್ದ, 1.6 ಅಗಲ, 1.5 ಎತ್ತರ ಎಂದುಕೊಳ್ಳಿ. ಆರೂ ಮೈ ಸೇರಿ ಸುಮಾರು 20 ಚದರ ಮೀಟರ್. ಹೊರಗೆ ಮೈನಸ್ 20 ಇದ್ದು ಒಳಗೆ 15 ಡಿಗ್ರಿ ಬೇಕಾದರೆ, 25 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಶೀಟಿನಲ್ಲಿ ಸುಮಾರು 750 ವ್ಯಾಟ್ ಶಾಖ ಸೋರುತ್ತದೆ. 50 ಮಿ.ಮೀ. ಹಾಕಿದರೆ 400ರ ಆಸುಪಾಸು. ಈ ಲೆಕ್ಕವನ್ನು ಕೆಡಿಸುವುದು ಕಬ್ಬಿಣದ ಚೌಕಟ್ಟು. ಒಂದೇ ಪೈಪು ಹೊರಗಿನ ಶೀಟಿಗೂ ಒಳಗಿನ ಪ್ಲೈವುಡ್‌ಗೂ ತಾಗಿದ್ದರೆ ಚಳಿ ಅದರ ಮೂಲಕವೇ ಒಳಗೆ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪೈಪು ಹಾದುಹೋದಲ್ಲೆಲ್ಲ ಪ್ಲೈವುಡ್ ಮೇಲೆ ನೀರಿನ ಗೆರೆ, ಪ್ರತಿ ಸ್ಕ್ರೂ ತಲೆಯ ಮೇಲೂ ಬಿಳಿ ಮಂಜಿನ ಚುಕ್ಕೆ. ಆದ್ದರಿಂದ 25 ಮಿ.ಮೀ. ಚೌಕ ಪೈಪುಗಳ ನಡುವೆ ಒಂದು ಪದರ, ಅದರ ಒಳಗಡೆಗೆ ಪೈಪನ್ನೂ ಮುಚ್ಚುವಂತೆ ಇನ್ನೊಂದು ಪದರ ಹಾಕಿಸಿ. ಎರಡರ ಸಂದುಗಳು ಒಂದರ ಮೇಲೊಂದು ಬರಬಾರದು. ಪ್ಲೈವುಡ್ಡನ್ನು ಆದಷ್ಟೂ ಪಿಯು (ಪಾಲಿಯುರೆಥೇನ್) ಅಂಟಿನಲ್ಲೇ ಕೂರಿಸಿ. ಗ್ಲಾಸ್‌ವುಲ್ ತೇವ ಹೀರಿ ಜೋತುಬೀಳುತ್ತದೆ, ಥರ್ಮೋಕೋಲ್ ಕುಲುಕಾಟಕ್ಕೆ ಪುಡಿಯಾಗುತ್ತದೆ. ನೆಲಕ್ಕೂ ಅದೇ 50 ಮಿ.ಮೀ. ಬೇಕು, ಅಡಿಯಲ್ಲಿ ಗಾಳಿ ಸದಾ ಬೀಸುತ್ತಿರುತ್ತದೆ.

ಚಳಿಗಿಂತ ಹೆಚ್ಚು ಕಾಡುವುದು ತೇವ. ಇಬ್ಬರು ಮಲಗಿದರೆ ಉಸಿರು, ಬೆವರಿನಿಂದಲೇ ರಾತ್ರಿಗೆ ಸುಮಾರು ಅರ್ಧ ಲೀಟರ್ ನೀರು ಹೊರಬರುತ್ತದೆ. 1 ಕೆ.ಜಿ. ಗ್ಯಾಸ್ ಉರಿದರೆ ಸುಮಾರು 1.6 ಕೆ.ಜಿ. ನೀರಾವಿ. ಇದೆಲ್ಲ ಹೋಗಿ ಕೂರುವುದು ಹಾಸಿಗೆಯ ಅಡಿಯಲ್ಲಿ. ಹಾಸಿಗೆಯನ್ನು ಹಲಗೆಗೆ ನೇರವಾಗಿ ಹಾಸದೆ ಸಂದುಬಿಟ್ಟ ಪಟ್ಟಿಗಳ ಮೇಲೆ ಹಾಸಿ. ಕೆಳಗೊಂದು, ಚಾವಣಿಯಲ್ಲೊಂದು ಗಾಳಿಕಿಂಡಿ ಇಡಿಸಿ, ಎಷ್ಟೇ ಚಳಿಯಾದರೂ ಅವನ್ನು ಪೂರ್ತಿ ಮುಚ್ಚಬೇಡಿ. ಗ್ಯಾಸ್ ಒಲೆ ಅಡುಗೆಗೆ ಮಾತ್ರ, ಅದೂ ಬಾಗಿಲು ತೆರೆದು. ಸಣ್ಣ ಕ್ಯಾನಿಸ್ಟರಿನ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ.

ಇನ್ನು ಡೀಸೆಲ್ ಉರಿಸಿ ಬಿಸಿಗಾಳಿ ಊದುವ ಡೀಸೆಲ್ ಹೀಟರ್. ಇಷ್ಟು ಗಾತ್ರಕ್ಕೆ 2 ಕಿಲೋವ್ಯಾಟ್ ಸಾಕು. 5 ಕಿಲೋವ್ಯಾಟಿನದು ಸದಾ ಕನಿಷ್ಠ ಉರಿಯಲ್ಲೇ ಓಡಿ ಮಸಿ ಕಟ್ಟಿಕೊಂಡು ಕೆಡುತ್ತದೆ. ಕಾಜಾದ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡರಷ್ಟು. ಡೀಸೆಲ್ ಪಂಪಿನ ವೇಗ ತಗ್ಗಿಸದಿದ್ದರೆ ಅಲ್ಲೂ ಮಸಿಯೇ. ಎತ್ತರಕ್ಕೆ ತಾನೇ ಹೊಂದಿಕೊಳ್ಳುವ ಮಾದರಿಯನ್ನೇ ಕೊಳ್ಳಿ. ಪಂಪಿನ ಹೊರಬಾಯಿ ಮೇಲ್ಮುಖವಾಗಿ ಓರೆಯಾಗಿರಲಿ, ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿ ಉರಿ ಆರುತ್ತದೆ. ಹೊಗೆಕೊಳವೆಯ ಒಂದು ಜೋಡಣೆಯೂ ಪೆಟ್ಟಿಗೆಯೊಳಗೆ ಇರಬಾರದು. ದಿಂಬಿನ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಮಲಗಲೇಬೇಡಿ. ಹೀಟರನ್ನು ಅದರ ಬಟನ್‌ನಿಂದಲೇ ಆರಿಸಿ. ಬ್ಯಾಟರಿ ಸಂಪರ್ಕ ತೆಗೆದರೆ ಫ್ಯಾನ್ ನಿಂತು ಒಳಗಿನ ಭಾಗ ಸುಡುತ್ತದೆ.

ಹೀಟರಿನ 5 ಲೀಟರ್ ಟ್ಯಾಂಕನ್ನು ಊರಲ್ಲೇ ತುಂಬಿಸಿ ಮರೆತುಬಿಡುವುದು ಸಾಮಾನ್ಯ. ದಾರಿಯಲ್ಲಿ ಗಾಡಿಯ ಟ್ಯಾಂಕ್ ಹಲವು ಬಾರಿ ಖಾಲಿಯಾಗಿ ತುಂಬುತ್ತದೆ, ಇದು ಮಾತ್ರ ದಕ್ಷಿಣದ ಡೀಸೆಲ್ಲನ್ನೇ ಹೊತ್ತು ಮೇಲೇರುತ್ತದೆ. ಮೊದಲ ಕೊರೆಯುವ ರಾತ್ರಿಯೇ ಅದು ಮೇಣಗಟ್ಟಿ ಸಣ್ಣ ಕೊಳವೆ ಮುಚ್ಚಿಹೋಗುತ್ತದೆ. ಶಿಮ್ಲಾದಲ್ಲೇ ಖಾಲಿ ಮಾಡಿ, ಹೊಸದು ತುಂಬಿಸಿ, ಮೇಣಗಟ್ಟದಂತೆ ತಡೆಯುವ ಆ್ಯಂಟಿ-ಜೆಲ್ ದ್ರವ ಬೆರೆಸಿ. ಮೇಣಗಟ್ಟಿದ ಮೇಲೆ ಬೆರೆಸಿ ಉಪಯೋಗವಿಲ್ಲ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದು ತಂದ ಚಳಿಗಾಲದ ಡೀಸೆಲ್ ಮೈನಸ್ 33ರವರೆಗೂ ಹರಿಯುತ್ತದೆ. ಸಾಮಾನ್ಯ ಬಂಕಿನಲ್ಲಿ ಅದೇ ಸಿಗುತ್ತದೆಂದು ನಂಬಿ ಕೂರಬೇಡಿ. ರೇಡಿಯೇಟರಿಗೆ ನಮ್ಮಲ್ಲಿ ಬರೀ ನೀರು ಸುರಿಯುವ ರೂಢಿಯಿದೆ. ಅದನ್ನು ಪೂರ್ತಿ ತೆಗೆಸಿ ನೀರು ಬೆರೆಸದ ಕೂಲಂಟ್, ನೀರು ಸಮಸಮ ಹಾಕಿಸಿ, ಮೈನಸ್ 35ರವರೆಗೂ ಹೆಪ್ಪುಗಟ್ಟುವುದಿಲ್ಲ. ಲಿಥಿಯಂ ಬ್ಯಾಟರಿ ಪೆಟ್ಟಿಗೆಯ ಒಳಗೇ ಇರಲಿ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲುಗಳು ಶಾಶ್ವತವಾಗಿ ಹಾಳು.

ನೀರಿಗೆ ಪೈಪು, ಪಂಪು, ಸಿಂಕು ಏನೂ ಬೇಡ. 10 ಲೀಟರಿನ ಎರಡು ಕ್ಯಾನ್ ಮುಕ್ಕಾಲು ತುಂಬಿಸಿ ಹಾಸಿಗೆಯ ಪಕ್ಕ ಇಟ್ಟರೆ ಸಾಕು. ರಾತ್ರಿ ನಿಲ್ಲಲು ಹಳ್ಳಿಯ ಹೋಮ್‌ಸ್ಟೇ ಅಂಗಳವೇ ಲೇಸು. ಕಲ್ಲು ಉರುಳುವ ಇಳಿಜಾರಿನ ಕೆಳಗೆ ಗಾಡಿ ನಿಲ್ಲಿಸಬೇಡಿ. ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಿ ಕಚ್ಚಿಕೊಳ್ಳಬಹುದು, ಹಾಗಾಗಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹಿಮ ಬಿದ್ದರೆ ಮಲಗುವ ಮುನ್ನವೂ ನಡುರಾತ್ರಿಯೂ ಹೊಗೆಕೊಳವೆಯ ಬಾಯಿ ಬಿಡಿಸಿಕೊಳ್ಳಿ. ಬೆಳಿಗ್ಗೆ ತಿರುವುಗಳಲ್ಲಿ ಹರಿದ ನೀರು ಕಣ್ಣಿಗೆ ಕಾಣದ ಗಾಜಿನಂಥ ಮಂಜುಗಡ್ಡೆಯಾಗಿರುತ್ತದೆ, ಬಿಸಿಲು ಬಿದ್ದ ಮೇಲೆಯೇ ಹೊರಡಿ. ಸ್ನೋ ಚೈನ್ ಕಟ್ಟುವುದನ್ನು ಊರಿನಲ್ಲೇ, ಕೈಗವಸು ತೊಟ್ಟುಕೊಂಡೇ ಕಲಿತಿರಿ.