ಟ್ರಮಡಾಲ್ ಬಿಟ್ಟ ಬಗೆ

“ಈ ಟ್ರಮಡಾಲನ್ನು ನಿಧಾನವಾಗಿ ಇಳಿಸುತ್ತಾ ಹೋಗೋಣವೇ?” ಎಂದು ಡಾಕ್ಟರ್ ಕೇಳಿದಾಗ ನನಗೆ ಮೊದಲು ಬಂದದ್ದು ಕೋಪ. ವರ್ಷಗಟ್ಟಲೆ ಒಬ್ಬರಾದ ಮೇಲೊಬ್ಬರ ಬಾಗಿಲು ತಟ್ಟಿದ್ದೆ. ರಕ್ತಪರೀಕ್ಷೆ ಸರಿಯಿದೆ, ಎಕ್ಸ್-ರೇ ಸರಿಯಿದೆ, ನಿಮಗೇನೂ ಆಗಿಲ್ಲ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದ್ದವಳಿಗೆ ಒಂದಿಷ್ಟಾದರೂ ಆಸರೆಯೆಂದು ಸಿಕ್ಕಿದ್ದು ಆ ನೋವಿನ ಮಾತ್ರೆ. ಈಗ ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದಾರಲ್ಲ ಎನಿಸಿತು. ಪಕ್ಕದಲ್ಲಿ ಕುಳಿತಿದ್ದ ಅಕ್ಕ ನನ್ನ ಮುಖ ನೋಡಿ, ಸುಮ್ಮನಿರು ಎನ್ನುವಂತೆ ಮೊಣಕೈಯಿಂದ ಮೆಲ್ಲಗೆ ತಿವಿದಳು. ಆ ತಿವಿತ ಸಂಜೆಯವರೆಗೂ ನೋಯುತ್ತಿತ್ತು ಎಂಬುದು ಬೇರೆ ಮಾತು.

ನನಗಿರುವುದು ಫೈಬ್ರೊಮಯಾಲ್ಜಿಯ, ಮೈಯೆಲ್ಲ ನೋಯುವ ಕಾಯಿಲೆ; ಅದಿರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನೋಯಬಾರದ್ದು ನೋಯುತ್ತದೆ, ನೋಯಬೇಕಾದದ್ದು ಇಮ್ಮಡಿ ನೋಯುತ್ತದೆ. ರಾತ್ರಿಯಿಡೀ ಮಲಗಿ ಎದ್ದರೂ ನಿದ್ದೆಗೆಟ್ಟವರ ದಣಿವು. ಓದಿದ ಸಾಲನ್ನೇ ಮತ್ತೆ ಮತ್ತೆ ಓದಬೇಕಾದ ಮಂಕು. ಹೊರಗಿನಿಂದ ನೋಡಿದವರಿಗೆ ಊತವಿಲ್ಲ, ಕೆಂಪಿಲ್ಲ, ಕುಂಟಿಲ್ಲ. 1990ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ ಮೈಮೇಲಿನ 18 ನಿಗದಿತ ಜಾಗಗಳನ್ನು ಹೆಬ್ಬೆರಳಿನಿಂದ ಒತ್ತಿ, ಕನಿಷ್ಠ 11ರಲ್ಲಿ ನೋವಾದರೆ ಈ ಕಾಯಿಲೆ ಎನ್ನುತ್ತಿದ್ದರು. 2010ರ ಮಾನದಂಡ ಒತ್ತುವುದನ್ನು ಕೈಬಿಟ್ಟು ಕೇಳುವುದಕ್ಕೆ ತೊಡಗಿತು. ದೇಹದ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವು, ನಿದ್ದೆ ಹೇಗಿದೆ, ದಣಿವು ಎಷ್ಟು, ನೆನಪು ಹೇಗಿದೆ, ಇದೆಲ್ಲ ಮೂರು ತಿಂಗಳಿನಿಂದಲಾದರೂ ಇದೆಯೇ ಎಂದು. ನನ್ನ ಕಾಯಿಲೆಗೆ ಕೊನೆಗೂ ಹೆಸರಿಟ್ಟ ಸಂಧಿವಾತ ತಜ್ಞೆ ಕೇಳಿದ್ದು ಈ ಪ್ರಶ್ನೆಗಳನ್ನೇ. ಮಾತ್ರೆ ಇಳಿಸುವ ಪ್ರಸ್ತಾಪ ತಂದವರೂ ಅವರೇ. ಹಾಗಾಗಿ ಕೋಪ ಬಂದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ನೋವನ್ನು ನಂಬಿದವರು ಹೇಳುವುದನ್ನು ಕೇಳಿಸಿಕೊಳ್ಳಬಹುದು ಎನಿಸಿತು.

“ಟ್ರಮಡಾಲ್ ತೆಗೆದುಕೊಂಡ ಮೇಲೆ ಎಷ್ಟು ಹೊತ್ತು ಹಾಯಾಗಿರುತ್ತೀರಿ?” ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ನನ್ನ ದಿನ ನಡೆಯುತ್ತಿದ್ದದ್ದೇ ಗಡಿಯಾರದ ಮುಖ ನೋಡಿಕೊಂಡು. ಮೊದಮೊದಲು ಅರ್ಧ ದಿನ ನಿರಾಳವಾಗಿರುತ್ತಿದ್ದೆ. ಬರುಬರುತ್ತಾ ಆ ಅವಧಿ ಕುಗ್ಗಿತು, ಮಾತ್ರೆಯ ಪ್ರಮಾಣ ಏರಿತು. ಜೊತೆಗೆ ಮಲಬದ್ಧತೆ, ಕಾರಣವಿಲ್ಲದ ಬೆವರು, ಒಣಗುವ ಬಾಯಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರವಾದಂತೆ ತೊಡೆಯ ಮೂಳೆಯೊಳಗಿನಿಂದ ಒಂದು ಸೆಳೆತ, ಕಾರಣವಿಲ್ಲದ ಆತಂಕ. ನುಂಗಿದ ಕೂಡಲೇ ಅದು ಇಳಿಯುತ್ತಿತ್ತು. ಇಳಿಯಿತಲ್ಲ, ಹಾಗಾದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ನಾನು ತಿಳಿದಿದ್ದೆ. “ಆ ಸೆಳೆತ ಕಾಯಿಲೆಯದೋ, ಮಾತ್ರೆಯ ಪ್ರಭಾವ ಇಳಿಯುತ್ತಿರುವುದರದೋ?” ಎಂದರು ಡಾಕ್ಟರ್. ಈ ಪ್ರಶ್ನೆಯನ್ನು ಅದುವರೆಗೆ ನನ್ನಲ್ಲಿ ಯಾರೂ ಕೇಳಿರಲಿಲ್ಲ.

ಅವರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಈ ಕಾಯಿಲೆಯಲ್ಲಿ ಕೆಟ್ಟಿರುವುದು ಸ್ನಾಯುವೂ ಅಲ್ಲ, ಕೀಲೂ ಅಲ್ಲ. ಬೆನ್ನುಹುರಿ ಮತ್ತು ಮೆದುಳು ನೋವಿನ ಸುದ್ದಿಯನ್ನು ದೊಡ್ಡದು ಮಾಡಿ ಓದಿಕೊಳ್ಳುತ್ತವೆ. ಗಾಯದ ನೋವು, ನರಕ್ಕೆ ಪೆಟ್ಟಾದ ನೋವು ಎಂಬ ಎರಡು ಬಗೆಗಳ ಜೊತೆಗೆ ಇಂಥದ್ದಕ್ಕೆಂದೇ ‘ನೋಸಿಪ್ಲಾಸ್ಟಿಕ್’ ಎಂಬ ಮೂರನೆಯ ಬಗೆಯನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಒಪ್ಪಿಕೊಂಡಿತು. ಟ್ರಮಡಾಲ್ ಸೇರಿದಂತೆ ಅಫೀಮಿನ ವರ್ಗದ ಔಷಧಗಳು ಕೆಲಸ ಮಾಡುವುದು ಮೆದುಳಿನಲ್ಲಿರುವ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು. ಫೈಬ್ರೊಮಯಾಲ್ಜಿಯ ಇರುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ 2007ರ ಒಂದು ಅಧ್ಯಯನದಲ್ಲಿ, ಹಾಗೆ ಅಂಟಿಕೊಳ್ಳಲು ದೊರೆಯುವ ಗ್ರಾಹಕಗಳು ಉಳಿದವರಿಗಿಂತ ಕಡಿಮೆ ಕಂಡವು. “ದೇಹ ತಾನೇ ತಯಾರಿಸಿದ ನೋವು ನಿವಾರಕಗಳು ಆಗಲೇ ಆ ಕುರ್ಚಿಗಳಲ್ಲಿ ಕುಳಿತಿರಬಹುದು. ಹೊರಗಿನಿಂದ ಇನ್ನಷ್ಟು ಜನರನ್ನು ಕಳಿಸಿದರೆ ಅವರು ಕೂರುವುದೆಲ್ಲಿ?” ಎಂದರು. ಅಕ್ಕನಿಗೆ ಈ ಕುರ್ಚಿಯ ಮಾತು ಎಷ್ಟು ಹಿಡಿಸಿತೆಂದರೆ, ಮನೆಗೆ ಬಂದ ಎಲ್ಲರಿಗೂ ನನ್ನ ಕಾಯಿಲೆಯನ್ನು ಅವಳು ವಿವರಿಸುವುದು ಈಗ ಅದರಿಂದಲೇ.

“ಹಾಗಾದರೆ ನನಗೆ ಅಷ್ಟಾದರೂ ಗುಣ ಕಂಡದ್ದು ಹೇಗೆ?” ಎಂದು ನಾನು ಪಟ್ಟು ಹಿಡಿದೆ. ಟ್ರಮಡಾಲಿಗೆ ಎರಡು ಮುಖಗಳಿವೆಯಂತೆ. ಒಂದು, ಅಫೀಮಿನ ವರ್ಗದ್ದು. ಇನ್ನೊಂದು, ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ನರಗಳ ನಡುವೆ ಹೆಚ್ಚು ಹೊತ್ತು ಉಳಿಸುವುದು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟದ ಶಿಫಾರಸುಗಳು ಮಾರ್ಫಿನ್‌ನಂಥ ಪ್ರಬಲ ಔಷಧಗಳನ್ನು ಈ ಕಾಯಿಲೆಗೆ ಬೇಡವೆಂದರೂ ಟ್ರಮಡಾಲಿಗೆ ಸಣ್ಣ ಅವಕಾಶ ಉಳಿಸಿವೆ. ಎರಡನೆಯ ಮುಖದ ಕೆಲಸವನ್ನಷ್ಟೇ ಮಾಡುವ ಡ್ಯುಲಾಕ್ಸೆಟಿನ್ ಎಂಬ ಔಷಧ ಬೇರೆಯೇ ಇದೆ. ಹಾಗಿದ್ದರೆ ನಾಳೆಯಿಂದಲೇ ಅದನ್ನೂ ಕೊಡಿ ಎಂದೆ. ಅವರು ಪೆನ್ನು ಕೆಳಗಿಟ್ಟರು. ಎರಡನ್ನೂ ಒಟ್ಟಿಗೆ ನುಂಗಿದರೆ ಸೆರೊಟೋನಿನ್ ಅತಿಯಾಗಿ ನಡುಕ, ಜ್ವರ, ಗೊಂದಲ ಬರಬಹುದು, ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಒಂದನ್ನು ಇಳಿಸಿ ಮುಗಿಸಿದ ಮೇಲೆಯೇ ಇನ್ನೊಂದರ ಮಾತು.

ನಾನು ಒಂದು ಷರತ್ತು ಹಾಕಿದೆ. ನನ್ನ ಕಡತದಲ್ಲಿ ‘ವ್ಯಸನಿ’ ಎಂಬ ಪದ ಬರಕೂಡದು. ಅವರು ನಗಲಿಲ್ಲ. ದೇಹ ಔಷಧಕ್ಕೆ ಒಗ್ಗಿಕೊಳ್ಳುವುದು ಬೇರೆ, ಕೇಡಾಗುತ್ತದೆಂದು ಗೊತ್ತಿದ್ದೂ ಅದರ ಹಿಂದೆ ಓಡುವುದು ಬೇರೆ, ನಿಮ್ಮದು ಮೊದಲನೆಯದು ಎಂದು ಹೇಳಿ, ಹಾಗೆಯೇ ಬರೆದರು. ನನ್ನ ಕೋಪ ಇಳಿದದ್ದು ಆಗ.

ಅವರು ತೋರಿಸಿದ ದಾರಿ ನಿಧಾನದ್ದು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಈ ವರ್ಗದ ಔಷಧ ತೆಗೆದುಕೊಂಡವರಿಗೆ ತಿಂಗಳಿಗೆ ಶೇ. 10ರಷ್ಟು ಅಥವಾ ಇನ್ನೂ ನಿಧಾನವಾಗಿ ಇಳಿಸುವುದು ಒಳಿತೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ 2022ರ ಮಾರ್ಗಸೂಚಿ ಹೇಳುತ್ತದೆ. ಅದಕ್ಕೂ ಮೊದಲು, 2019ರಲ್ಲಿ, ಥಟ್ಟನೆ ನಿಲ್ಲಿಸಿದರೆ ಆಗುವ ಅನಾಹುತಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿತ್ತು. ತಾಳಲಾರದ ನೋವು, ಮನಸ್ಸಿನ ಕುಸಿತ, ಆತ್ಮಹತ್ಯೆಯವರೆಗೂ ಹೋದವರಿದ್ದಾರೆ. ಮಾತ್ರೆಯನ್ನು ಕೊಟ್ಟವರೇ ಒಂದು ದಿನ ಏಕಾಏಕಿ ಚೀಟಿ ಬರೆಯಲು ನಿರಾಕರಿಸುವುದನ್ನು ಚಿಕಿತ್ಸೆ ಎಂದು ಕರೆಯಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ. “ಕಷ್ಟವಾದರೆ ಆ ಮೆಟ್ಟಿಲಲ್ಲೇ ನಿಲ್ಲೋಣ, ಅವಸರ ನನಗೇನೂ ಇಲ್ಲ” ಎಂದರು ನಮ್ಮ ಡಾಕ್ಟರ್. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮನೆಯಲ್ಲಿ ಮುರಿದು ಅರ್ಧ ಮಾಡಬಾರದು. ಮುರಿದರೆ ಇಡೀ ದಿನಕ್ಕೆ ಹರಡಬೇಕಾದದ್ದು ಒಮ್ಮೆಗೇ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಚೀಟಿಯಲ್ಲಿ ಮಾತ್ರೆಯೇ ಬದಲಾಯಿತು.

ಇಳಿಸಿದ ತಿಂಗಳುಗಳ ರಾತ್ರಿಗಳನ್ನು ಬಣ್ಣಿಸುತ್ತಾ ಕೂರುವುದಿಲ್ಲ. ಆಕಳಿಕೆಯ ಮೇಲೆ ಆಕಳಿಕೆ, ಶೀತವಿಲ್ಲದೆಯೂ ಸುರಿಯುವ ಮೂಗು, ನಿಮಿರಿ ನಿಂತ ರೋಮ, ಎಲ್ಲಿ ಇಟ್ಟರೂ ನಿಲ್ಲದ ಕಾಲುಗಳು. ಟ್ರಮಡಾಲಿನ ಎರಡನೆಯ ಮುಖವೂ ತನ್ನ ಪಾಲಿನ ಕಾಟ ಕೊಟ್ಟಿತು. ಎದೆ ಹಾರುವಂಥ ಗಾಬರಿ, ಚರ್ಮದ ಕೆಳಗೆ ಕರೆಂಟು ಹರಿದಂಥ ಜುಮುಜುಮು. ಇದು ಕಾಯಿಲೆ ಹೆಚ್ಚಿದ್ದಲ್ಲ, ಔಷಧ ಹೊರಡುತ್ತಿರುವುದು ಎಂದು ಮೊದಲೇ ಹೇಳಿದ್ದರಿಂದ ಹೆದರಿಕೆ ಅರ್ಧವಾಯಿತು. ಮೆಟ್ಟಿಲಲ್ಲಿ ನಿಂತದ್ದೂ ಉಂಟು, ಒಂದಕ್ಕಿಂತ ಹೆಚ್ಚು ಸಲ.

ಅಷ್ಟರಲ್ಲಿ ಎಲ್ಲರಿಂದಲೂ ಸಲಹೆಗಳು. ಅವುಗಳಲ್ಲಿ ನಾನು ಆಸೆಪಟ್ಟದ್ದು ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಮೇಲೆ. ವ್ಯಸನ ಬಿಡಿಸಲು 50 ಮಿಲಿಗ್ರಾಂ ಕೊಡುವ ಔಷಧವನ್ನೇ ನೋವಿಗೆ 4.5 ಮಿಲಿಗ್ರಾಂನಷ್ಟು ಕೊಡುವ ಪದ್ಧತಿ ಅದು. ಆದರೆ ಅದು ಅಫೀಮಿನ ವರ್ಗದ ಔಷಧಗಳನ್ನು ಗ್ರಾಹಕಗಳಿಂದ ತಳ್ಳಿಹಾಕುತ್ತದೆ. ಟ್ರಮಡಾಲ್ ಮೈಯಲ್ಲಿರುವಾಗ ನುಂಗಿದರೆ ಆ ರಾತ್ರಿಗಳ ಕಾಟವೆಲ್ಲ ಒಂದೇ ಗಂಟೆಯಲ್ಲಿ ಬಂದೀತು. ಡೆನ್ಮಾರ್ಕ್‌ನಲ್ಲಿ 99 ಮಹಿಳೆಯರ ಮೇಲೆ 6 ಮಿಲಿಗ್ರಾಂ ಪ್ರಯೋಗಿಸಿ ನೋಡಿದಾಗ, ನೋವಿನ ಮಟ್ಟಿಗೆ ಹುಸಿಮಾತ್ರೆಗಿಂತ ಅದು ಮೇಲೆಂದು ಸಿದ್ಧವಾಗಲಿಲ್ಲ ಎಂದೂ ಡಾಕ್ಟರ್ ಹೇಳಿದರು. ಆಸೆಯನ್ನು ಅಲ್ಲಿಗೆ ಬಿಟ್ಟೆ. ಟ್ರಮಡಾಲ್ ನಿಂತ ಮೇಲೆ ಪ್ರೀಗ್ಯಾಬಲಿನ್ ಬಂತು. ತಲೆಸುತ್ತು, ಊದಿದ ಪಾದಗಳು; ಬೇಡವೆಂದೆವು. ಡ್ಯುಲಾಕ್ಸೆಟಿನ್ ಓಕರಿಕೆಯಲ್ಲಿ ಮುಗಿಯಿತು. ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಮಾತ್ರ ಉಳಿಯಿತು. ಬಾಯಿ ಒಣಗುತ್ತದೆ, ಆದರೆ ಬೆಳಿಗ್ಗೆ ಎದ್ದಾಗ ಮಲಗಿದ್ದೆ ಎಂದು ಮೈಗೆ ಗೊತ್ತಾಗುತ್ತದೆ.

ಇನ್ನು ವ್ಯಾಯಾಮ. ಆ ಯುರೋಪಿನ ಶಿಫಾರಸುಗಳಲ್ಲಿ ಗಟ್ಟಿಯಾಗಿ ‘ಮಾಡಿ’ ಎಂದು ಹೇಳಿರುವುದು ಇದೊಂದನ್ನೇ ಎಂದು ಡಾಕ್ಟರ್ ಹೇಳಿದಾಗ ನನಗೆ ಅವಮಾನವಾದಂತಾಯಿತು. “ಸ್ವಲ್ಪ ಓಡಾಡಿ, ಎಲ್ಲ ಸರಿಹೋಗುತ್ತದೆ” ಎಂದು ನೋವನ್ನು ನಂಬದವರೆಲ್ಲ ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ? ವ್ಯತ್ಯಾಸ ಗೊತ್ತಾದದ್ದು ಫಿಸಿಯೊಥೆರಪಿಸ್ಟ್ ಕೇಳಿದ ಪ್ರಶ್ನೆಯಿಂದ. “ನಿಮ್ಮ ಅತಿ ಕೆಟ್ಟ ದಿನದಲ್ಲಿ, ಮಾರನೆಯ ದಿನ ನರಳದಂತೆ ಎಷ್ಟು ದೂರ ನಡೆಯಬಲ್ಲಿರಿ?” ನಾನು ಹೇಳಿದ ಅಳತೆ ಹೇಳಿಕೊಳ್ಳಲೂ ನಾಚಿಕೆಯಾಗುವಷ್ಟು ಚಿಕ್ಕದು. ಅದರ ಅರ್ಧದಿಂದ ಆರಂಭಿಸೋಣ ಎಂದರು ಆಕೆ.

ಕಷ್ಟವಿದ್ದದ್ದು ಕೆಟ್ಟ ದಿನಗಳಲ್ಲಲ್ಲ. ಒಳ್ಳೆಯ ದಿನ ಬಂದರೆ ವಾರದಿಂದ ಬಿದ್ದಿರುವ ಬಟ್ಟೆ, ಕಪಾಟು, ಧೂಳು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಎಲ್ಲವನ್ನೂ ಮುಗಿಸಿ ಮಾರನೆಯ ದಿನ ಹಾಸಿಗೆ ಹಿಡಿಯುವುದು ನನ್ನ ಹಳೆಯ ಚಾಳಿ. ಈಗಿನ ನಿಯಮ, ಮೈ ಹಗುರವಾಗಿದ್ದರೂ ಗೊತ್ತುಮಾಡಿದಷ್ಟೇ ನಡೆದು ನಿಲ್ಲಬೇಕು. ಇನ್ನೂ ಶಕ್ತಿಯಿರುವಾಗ ನಿಲ್ಲುವುದಿದೆಯಲ್ಲ, ಅದಕ್ಕೆ ಬೇಕಾದ ಬಿಗಿ ಮಾತ್ರೆ ಬಿಡುವುದಕ್ಕೂ ಬೇಕಾಗಿರಲಿಲ್ಲ. ಬೆಚ್ಚಗಿನ ನೀರಿನಲ್ಲಿ ಮಾಡುವ ವ್ಯಾಯಾಮ ನನಗೆ ಒಗ್ಗಿತು; ನೀರು ಮೈಭಾರವನ್ನು ಹೊರುತ್ತದೆ. ಆಮೇಲೆ ತಾಯ್ ಚಿ ಎಂಬ, ಚೀನಾದ ನಿಧಾನ ಚಲನೆಯ ವ್ಯಾಯಾಮ. 226 ಮಂದಿಯನ್ನು ಒಳಗೊಂಡ, 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅದು ಏರೋಬಿಕ್ ವ್ಯಾಯಾಮಕ್ಕೆ ಸಮನಾಗಿ ಅಥವಾ ಅದಕ್ಕಿಂತ ಚೆನ್ನಾಗಿ ಗುಣ ಕೊಟ್ಟಿತ್ತು. ನನಗೆ ಹಿಡಿಸಿದ್ದು ಆ ಫಲಿತಾಂಶಕ್ಕಿಂತ ಅದರ ನಿಧಾನ. ಅಲ್ಲಿ ಯಾರೂ ‘ಬೇಗ ಬೇಗ’ ಎನ್ನುವುದಿಲ್ಲ.

ಎಷ್ಟು ಗುಣವಾಯಿತು ಎಂದು ಕೇಳುವವರಿಗೆ ಡಾಕ್ಟರ್ ಮೊದಲ ದಿನವೇ ಹೇಳಿದ ಲೆಕ್ಕವನ್ನೇ ಹೇಳುತ್ತೇನೆ. ನೋವಿನ ಪ್ರಯೋಗಗಳಲ್ಲಿ ಶೇ. 30ರಷ್ಟು ಇಳಿದರೆ ಅದನ್ನು ಅರ್ಥವುಳ್ಳ ಸುಧಾರಣೆ ಎಂದು ಎಣಿಸುತ್ತಾರೆ. “ಅಷ್ಟೇನಾ?” ಎಂದಿದ್ದೆ ಆಗ. “ಉಳಿದ ಎಪ್ಪತ್ತನ್ನು ನೀನು ಎಲ್ಲರಿಗೂ ಹೇಳಿಕೊಂಡು ತಿರುಗಬಹುದಲ್ಲ” ಎಂದಿದ್ದಳು ಅಕ್ಕ. ಈಗ ಸುಮಾರಾಗಿ ಅಲ್ಲಿಗೇ ಬಂದು ನಿಂತಿದ್ದೇನೆ. ಟ್ರಮಡಾಲ್ ಇದ್ದಾಗಿನ ನೋವೂ ಹೆಚ್ಚುಕಡಿಮೆ ಇಷ್ಟೇ ಇತ್ತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಈಚೆಗೆ ಕ್ಯಾನ್ಸರಿನ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿರುವ ಗೆಳತಿಯೊಬ್ಬಳು ಫೋನ್ ಮಾಡಿ, “ನೀನು ಬಿಟ್ಟೆಯಂತೆ, ನಾನೂ ಬಿಡಲು ನೋಡಲೇ?” ಎಂದು ಅಳುಕುತ್ತಾ ಕೇಳಿದಳು. ಖಂಡಿತ ಬೇಡ ಎಂದೆ. ನಿನ್ನ ನೋವೇ ಬೇರೆ, ಅದಕ್ಕೆ ಮಾರ್ಫಿನ್ ಸರಿಯಾದ ಔಷಧ, ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೋ, ಮಲಬದ್ಧತೆಗೆ ಮಾತ್ರ ಜೊತೆಯಲ್ಲೇ ಏನಾದರೂ ಬರೆಸಿಕೋ ಎಂದೆ. ಅದಕ್ಕೆ ಏನೂ ಬರೆದುಕೊಟ್ಟಿಲ್ಲ ಎಂದಳು. ಡಾಕ್ಟರರಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಇಬ್ಬರೂ ಕೂಡಿ ಪಟ್ಟಿ ಮಾಡಿದೆವು. ಮೊದಲನೆಯದು ಮಲಬದ್ಧತೆಯದೇ.