ಗಾಳಿ ಕೇಳಿ ಕಡಲಿಗೆ ಇಳಿದೆವು

ಅಮ್ಮ ಹುಟ್ಟಿದ್ದೂ ಕಡಲ ತೀರದಲ್ಲಿ, ಮದುವೆಯಾಗಿ ಬಂದದ್ದೂ ಕಡಲ ತೀರಕ್ಕೇ. ಕುಂದಾಪುರದ ಹತ್ತಿರ. 63 ವರ್ಷ ಅಲೆಯ ಸದ್ದು ಕೇಳಿಕೊಂಡೇ ಮಲಗಿದವಳು. ಆದರೆ ಅವಳು ನೀರಿಗೆ ಇಳಿದದ್ದು ಎಳ್ಳಮಾವಾಸ್ಯೆಯ ಸಮುದ್ರ ಸ್ನಾನಕ್ಕೆ ಮಾತ್ರ, ಅದೂ ಮೊಣಕಾಲು ಮುಳುಗುವಷ್ಟು. ನಮ್ಮ ಕಡೆ ಹೆಂಗಸರು ಕಡಲನ್ನು ದಡದಿಂದ ನೋಡುತ್ತಾರೆ. ದೋಣಿ ಬಂತಾ, ಗಾಳಿ ಯಾವ ಕಡೆಯದು, ಮಳೆ ಇದೆಯಾ, ಅಷ್ಟೇ. ಒಳಗೆ ಏನಿದೆ ಅಂತ ನೋಡುವ ಅಭ್ಯಾಸ ಇಲ್ಲ.

ನಾನು ಮೆಡಿಟರೇನಿಯನ್ ಸಮುದ್ರದ ನಡುವಿನ ದ್ವೀಪ ದೇಶ ಮಾಲ್ಟಾದಲ್ಲಿ ನರ್ಸ್. ಆರು ವರ್ಷ ಆಯ್ತು. ಈಜು ಕಲಿತದ್ದೂ, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿಕೊಂಡು ನೀರೊಳಗೆ ಮುಖ ಇಟ್ಟದ್ದೂ ಇಲ್ಲೇ. ಕಳೆದ ಸೆಪ್ಟೆಂಬರಿನಲ್ಲಿ ಅಮ್ಮ ಬಂದಾಗ ಇದೊಂದನ್ನು ಅವಳಿಗೆ ತೋರಿಸಲೇಬೇಕು ಅಂತ ಮನಸ್ಸಿನಲ್ಲಿತ್ತು. ನಾಲ್ಕು ದಿನ ರಜೆ ಹಾಕಿ ಗೋಜೋ ದ್ವೀಪಕ್ಕೆ ಕರೆದುಕೊಂಡು ಹೋದೆ.

ಗೋಜೋ ಮಾಲ್ಟಾದ ಪಕ್ಕದಲ್ಲೇ ಇರುವ ಸಣ್ಣ ದ್ವೀಪ. ಉದ್ದ ಸುಮಾರು 14 ಕಿಲೋಮೀಟರ್, ಅಗಲ 7. ಚಿರ್ಕೆವ್ವಾ ಬಂದರಿನಿಂದ ಫೆರಿ ಹತ್ತಿದರೆ 25 ನಿಮಿಷದಲ್ಲಿ ತಲುಪುತ್ತದೆ. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ವಾಪಸ್ ಬರುವಾಗಲೇ ಕೊಡಬೇಕು. "ಹೋದವರು ಬಂದೇ ಬರ್ತಾರೆ ಅಂತ ನಂಬಿಕೆ" ಅಂದಳು ಅಮ್ಮ.

ನನ್ನ ಕೈಯಲ್ಲಿ 11 ಜಾಗಗಳ ಪಟ್ಟಿ ಇತ್ತು. ಫೋಟೋ ನೋಡಿ, ಯಾವ ದಿನ ಯಾವುದು ಅಂತ ಗಂಟೆ ಸಮೇತ ಬರೆದುಕೊಂಡಿದ್ದೆ. ಮೊದಲ ದಿನ ರಮ್ಲಾ ಬೀಚ್. ಮರಳು ಇಟ್ಟಿಗೆಪುಡಿ ಬೆರೆಸಿದ ಹಾಗೆ ಕೆಂಪು. ಆ ದಿನ ಗಾಳಿಯೇ ಇರಲಿಲ್ಲ, ನೀರು ತಟ್ಟೆಯಲ್ಲಿಟ್ಟ ಹಾಗೆ ನಿಂತಿತ್ತು. ಅಮ್ಮ ಸೀರೆ ಎತ್ತಿ ಹಿಡಿದು ಮೊಣಕಾಲಿನವರೆಗೆ ಹೋದಳು, ನಿಂತಳು, ವಾಪಸ್ ಬಂದಳು. ನಾನೂ ಒತ್ತಾಯ ಮಾಡಲಿಲ್ಲ.

ಎರಡನೇ ದಿನ ಪಟ್ಟಿಯ ಪ್ರಕಾರ ಪಶ್ಚಿಮ ತುದಿಯ ದ್ವೈರಾ. ಅಲ್ಲಿ ಒಂದು ಕಾಲದಲ್ಲಿ ಅಜೂರ್ ವಿಂಡೋ ಅಂತ ದೊಡ್ಡ ಕಲ್ಲಿನ ಕಮಾನು ಇತ್ತು. 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಬಿತ್ತು. ಈಗ ಆ ಬಂಡೆಗಳೆಲ್ಲ ನೀರಿನ ಅಡಿಯಲ್ಲಿವೆ. ಪಕ್ಕದಲ್ಲೇ ಬ್ಲೂ ಹೋಲ್, ಬಂಡೆಗಳ ನಡುವೆ ಬಾವಿಯ ಹಾಗೆ ಇಳಿಯುವ ನೀಲಿ ಗುಂಡಿ. ಡೈವಿಂಗ್ ಮಾಡುವವರಿಗೆ ಅದು ಯಾತ್ರಾಸ್ಥಳವೇ ಸರಿ. ಹತ್ತಿರದಲ್ಲಿ ಒಳಕಡಲು ಅಂತ ಒಂದು ಸಣ್ಣ ಕೊಳ ಇದೆ. ಬಂಡೆಯಲ್ಲಿ ತಾನಾಗಿಯೇ ಆದ ಸುರಂಗದ ಮೂಲಕ ದೋಣಿಗಳು ಅಲ್ಲಿಂದ ಹೊರಗಿನ ಸಮುದ್ರಕ್ಕೆ ಹೋಗುತ್ತವೆ.

ಆ ದಿನ ದೋಣಿಗಳು ದಡದಲ್ಲೇ ಇದ್ದವು. ರಾತ್ರಿಯೇ ಗಾಳಿ ಎದ್ದಿತ್ತು. ಅಲೆ ಬಂಡೆಗೆ ಹೊಡೆದು ತುಂತುರು ನಮ್ಮ ಮುಖಕ್ಕೆ ಬರುತ್ತಿತ್ತು. ಇಬ್ಬರು ಡೈವರ್‌ಗಳು ಸಿಲಿಂಡರ್ ಹೊತ್ತುಕೊಂಡು ಬಂದು, ಸ್ವಲ್ಪ ಹೊತ್ತು ನೋಡಿ, ಹಾಗೇ ತಿರುಗಿ ಹೋದರು. ನಾನು ಮಾತ್ರ ಇಷ್ಟು ದೂರ ಬಂದು ಹಾಗೇ ಹೋಗುವುದಾ ಅಂದುಕೊಂಡೆ. ಅಮ್ಮ ನನ್ನ ಮಣಿಕಟ್ಟು ಹಿಡಿದು "ಇಳೀಬೇಡ ಮಗಾ" ಅಂದಳು. ಸುಮ್ನೆ ಅಂಚಿನಲ್ಲಿ ಕೂತು ಕಾಲು ಇಡುತ್ತೇನೆ ಅಂತ ಬಿಡಿಸಿಕೊಂಡು ಹೋದೆ. ಒಂದೇ ಅಲೆ. ಸೊಂಟಕ್ಕೆ ಬಂದು ಹಿಂದಕ್ಕೆ ಎಳೆಯಿತು. ಬಂಡೆಯ ಚೂಪನ್ನು ತಬ್ಬಿಕೊಂಡು ಉಳಿದೆ. ಮೊಣಕೈ ಚರ್ಮ ಅರ್ಧ ಗೇಣು ಸುಲಿದು ಹೋಯ್ತು. ಅಮ್ಮ ಬೈಯಲಿಲ್ಲ. ಕಾರಿನಲ್ಲಿ ಕೂತು ಸೀರೆಯ ಸೆರಗಿನಿಂದ ಗಾಯಕ್ಕೆ ಅಂಟಿದ್ದ ಉಪ್ಪುನೀರನ್ನು ಒರೆಸಿದಳು. ಅವಳ ಕೈ ನಡುಗುತ್ತಿತ್ತು. ಅದು ನನಗೆ ಗಾಯಕ್ಕಿಂತ ಜಾಸ್ತಿ ನೋವಾಯಿತು.

ನಾವು ಉಳಿದುಕೊಂಡಿದ್ದ ಮನೆಗೆ ಬಂದಾಗ ಆ ಮನೆಯ ಯಜಮಾನಿ ಮಹಡಿ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ಅಮ್ಮನಷ್ಟೇ ವಯಸ್ಸಿನವರು. ನನ್ನ ಮೊಣಕೈ ನೋಡಿ "ದ್ವೈರಾ?" ಅಂದರು. ಹೌದು ಅಂದೆ. ಹಗ್ಗದ ಮೇಲೆ ಪಟಪಟ ಹಾರುತ್ತಿದ್ದ ಬೆಡ್‌ಶೀಟ್ ತೋರಿಸಿ "ಮಯ್ಯಿಸ್ತ್ರಾಲ್" ಅಂದರು. ವಾಯವ್ಯದ ಗಾಳಿ. ಈ ದ್ವೀಪಗಳಿಗೆ ಅತಿ ಹೆಚ್ಚು ಬರುವ ಗಾಳಿ ಅದೇ. ಈಶಾನ್ಯದ್ದು ಗ್ರೀಗಾಲ್, ನೈಋತ್ಯದ್ದು ಲ್ಬೀಚ್, ಆಗ್ನೇಯದ್ದು ಶ್ಲೋಕ್. ಕೊನೆಯ ಹೆಸರು ಕೇಳಿ ಅಮ್ಮನ ಮುಖ ಅರಳಿತು. ನಮ್ಮ ಶ್ಲೋಕದ ಹಾಗೇ ಕೇಳಿಸುತ್ತದೆ ಅಲ್ವಾ.

ಆಮೇಲೆ ನಡೆದದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಕೈಯಲ್ಲೇ ಮಾತಾಡಿದರು. ಅವರು ಬೆರಳಿನಿಂದ ಗೋಡೆಯ ಧೂಳಿನ ಮೇಲೆ ದ್ವೀಪದ ಆಕಾರ ಬರೆದರು. ಅಮ್ಮ ಬೆಡ್‌ಶೀಟ್ ಯಾವ ಕಡೆ ಹಾರುತ್ತಿದೆ ನೋಡಿ, ಆ ಆಕಾರದ ಎದುರು ಮೂಲೆಯ ಮೇಲೆ ಬೆರಳಿಟ್ಟಳು. ಯಜಮಾನಿ ಜೋರಾಗಿ ತಲೆ ಆಡಿಸಿದರು. "ಅಲ್ಲಿ ಮರೆ ಇರ್ತದೆ, ಇಷ್ಟು ಗೊತ್ತಾಗೂದಿಲ್ವಾ" ಅಂದಳು ಅಮ್ಮ ನನಗೆ. "ಮರವಂತೆ ಕಂಡಿದ್ದಿಯಲ್ಲ?"

ಮರವಂತೆ ಕಂಡಿದ್ದೆ, ಚಿಕ್ಕಂದಿನಿಂದ. ಹೆದ್ದಾರಿಯ ಒಂದು ಬದಿಗೆ ಕಡಲು ಅಬ್ಬರಿಸುತ್ತಿರುತ್ತದೆ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಸುಮ್ಮನೆ ಮಲಗಿರುತ್ತದೆ. ನಡುವೆ ಒಂದು ರಸ್ತೆ, ಅಷ್ಟೇ. ಗೋಜೋದಲ್ಲಿ ಆ ರಸ್ತೆಯ ಜಾಗಕ್ಕೆ ಇಡೀ ದ್ವೀಪ ಇದೆ. ಒಂದು ದಡ ಕೆಟ್ಟ ದಿನ ಎದುರಿನ ದಡ ಒಳ್ಳೆಯದಿರುತ್ತದೆ, ಕಾರಿನಲ್ಲಿ ಅರ್ಧ ಗಂಟೆ ಸಾಕು. ಆರು ವರ್ಷ ಇಲ್ಲಿದ್ದೂ ನಾನು ಯಾವ ಬೀಚ್ ಚೆನ್ನಾಗಿದೆ ಅಂತಲೇ ಕೇಳುತ್ತಿದ್ದೆ. ಇವತ್ತು ಯಾವ ಬೀಚ್ ಅಂತ ಕೇಳಿರಲಿಲ್ಲ.

ಮೂರನೇ ದಿನವೂ ಮಯ್ಯಿಸ್ತ್ರಾಲ್ ಇತ್ತು. ನಾವು ಆಗ್ನೇಯ ಮೂಲೆಯ ಹೊಂದೊ ಇರ್ ರುಮ್ಮೀನ್‌ಗೆ ಹೋದೆವು. ಮಾಲ್ಟೀಸ್ ಭಾಷೆ ಅರಬ್ಬಿಯ ಮಗಳು. ರುಮ್ಮೀನ್ ಅಂದರೆ ದಾಳಿಂಬೆ, ಹೊಂದೊ ಅಂದರೆ ನಮ್ಮ ಕಂದಕವೇ. ದಾಳಿಂಬೆ ಕಂದಕ. ಬೆನ್ನ ಹಿಂದೆ ಗುಡ್ಡ, ಎದುರಿಗೆ ಕೊಮಿನೋ ದ್ವೀಪ. ಗಾಳಿ ನಮ್ಮ ತಲೆಯ ಮೇಲಿಂದ ದಾಟಿ ಹೋಗುತ್ತಿತ್ತು. ನೀರು ಮಾತ್ರ ದೇವಸ್ಥಾನದ ಕೆರೆಯ ಹಾಗೆ. ತಳದ ಕಲ್ಲುಗಳನ್ನು ಎಣಿಸಬಹುದಿತ್ತು.

ಅಮ್ಮ ಚೂಡಿದಾರ್ ಹಾಕಿಕೊಂಡಿದ್ದಳು, ಅದರ ಮೇಲೆ ಲೈಫ್ ಜಾಕೆಟ್. ಕಾಲಿಗೆ ರಬ್ಬರ್ ಶೂ, ಯಾಕೆಂದರೆ ಬಂಡೆಯ ಸಂದಿಯಲ್ಲಿ ಮುಳ್ಳುಂಡೆಯಂಥ ಕಡಲ ಜೀವಿಗಳು ಇರುತ್ತವೆ, ತುಳಿದರೆ ಮುಳ್ಳು ಒಳಗೇ ಮುರಿಯುತ್ತದೆ. ಕಷ್ಟವಾದದ್ದು ಮಾಸ್ಕ್. ಮಾಸ್ಕ್ ಕೊಳ್ಳುವಾಗ ಅದರ ರಬ್ಬರ್ ಪಟ್ಟಿಯನ್ನು ತಲೆಗೆ ಬಿಗಿಯದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ನೋಡಬೇಕು. ಬೀಳದೆ ಅಂಟಿಕೊಂಡರೆ ನೀರು ಒಳಗೆ ಬರುವುದಿಲ್ಲ. ಅವಳಿಗೆಂದು ತಂದದ್ದು ನಿಲ್ಲಲೇ ಇಲ್ಲ. ನೋಡಿದರೆ ಮೂಗುತಿ ಒತ್ತುತ್ತಿತ್ತು. ತೆಗೆಯಮ್ಮಾ ಅನ್ನುವ ಧೈರ್ಯ ನನಗಾಗಲಿಲ್ಲ. ಮದುವೆಯ ದಿನ ಹಾಕಿದ್ದು, ಅಪ್ಪ ಹೋದ ಮೇಲೂ ತೆಗೆಯದೆ ಉಳಿಸಿಕೊಂಡದ್ದು. ನನ್ನ ಮಾಸ್ಕಿಗೆ ಮೂಗಿನ ಜಾಗ ಸ್ವಲ್ಪ ದೊಡ್ಡದಿತ್ತು. ಹಣೆಯ ಕೂದಲನ್ನೆಲ್ಲ ಹಿಂದಕ್ಕೆ ಸರಿಸಿ, ನನ್ನದನ್ನು ಹಾಕಿದೆ. ಕೂತಿತು. ಗಾಜಿನ ಹಿಂದೆ ಹರಳು ಮಿನುಗುತ್ತಿತ್ತು.

ಸೊಂಟದಷ್ಟು ನೀರಿನಲ್ಲಿ ನಿಂತು, ಬಾಯಲ್ಲಿಟ್ಟ ಕೊಳವೆಯಿಂದ ಉಸಿರಾಡುವುದನ್ನು ಹತ್ತು ನಿಮಿಷ ಅಭ್ಯಾಸ ಮಾಡಿಸಿದೆ. ಮೊದಲ ಸಲ ಮುಖ ಇಟ್ಟವಳು ಕೂಡಲೇ ಎದ್ದಳು. ಎರಡನೇ ಸಲವೂ ಹಾಗೇ. ಮೂರನೇ ಸಲ ಏಳಲಿಲ್ಲ. ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಕೈ ನಿಧಾನವಾಗಿ ಸಡಿಲವಾಯಿತು. ಕಾಲು ತಾನಾಗಿಯೇ ಮೇಲೆ ಬಂತು. ಮೆಡಿಟರೇನಿಯನ್ ನೀರಿಗೆ ಉಪ್ಪು ಜಾಸ್ತಿ, ತೇಲುವುದು ಸ್ವಲ್ಪ ಸುಲಭ. ಅವಳ ಕೆಳಗೆ ಬೆರಳುಗಾತ್ರದ ಮೀನುಮರಿಗಳ ಗುಂಪು, ಹೊಳೆಯುವ ನೀಲಿ. ಹಸಿರು ಕೆಂಪು ಪಟ್ಟೆಯ ಮೀನೊಂದು ಅವಳ ಶೂ ಹತ್ತಿರ ಬಂದು ಮೂಸಿ ಹೋಯ್ತು. ಅದರಾಚೆ ಪೊಸಿಡೋನಿಯಾ ಹುಲ್ಲಿನ ಬಯಲು, ಅಲೆಗೆ ಎಲ್ಲವೂ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿತ್ತು.

ಮುಖ ಎತ್ತಿ, ಕೊಳವೆ ತೆಗೆದು ಅವಳು ಹೇಳಿದ ಮೊದಲ ಮಾತು: "ಗದ್ದೆ ಮಾರಾಯ್ತಿ! ಕಡ್ಲೊಳಗೆ ಗದ್ದೆ!"

ಅವಳು ಹೇಳಿದ್ದು ನಿಜ. ಪೊಸಿಡೋನಿಯಾ ಪಾಚಿಯಲ್ಲ. ಬೇರು, ಎಲೆ, ಹೂವು, ಹಣ್ಣು ಎಲ್ಲ ಇರುವ ಗಿಡ. ಇಲ್ಲಿನ ಈ ಜಾತಿ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಬೆಳೆಯುವುದಿಲ್ಲ. ಮೀನು ಮರಿಗಳು ಅದರ ಬುಡದಲ್ಲಿ ಅಡಗಿ ದೊಡ್ಡವಾಗುತ್ತವೆ. ಅದರ ಒಣ ಎಲೆ ದಡದಲ್ಲಿ ರಾಶಿ ಬಿದ್ದಿದ್ದರೆ ಬಂದವರು ಗಲೀಜು ಅಂತ ಮೂಗು ಮುಚ್ಚುತ್ತಾರೆ. ಆ ರಾಶಿಯೇ ಮರಳು ಕೊಚ್ಚಿ ಹೋಗದ ಹಾಗೆ ತಡೆಯುತ್ತದೆ.

ದಡದಲ್ಲಿ ಕೂತು ಅವಲಕ್ಕಿ ತಿನ್ನುವಾಗ ಅಮ್ಮ ಕೇಳಿದಳು. "ನೀರು ಇಷ್ಟು ತಿಳಿ ಇದೆ, ಮೀನು ಯಾಕೆ ಇಷ್ಟು ಕಮ್ಮಿ?" ಆರು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ. ಎರಡಕ್ಕೂ ಮುಖ್ಯ ಕಾರಣ ಒಂದೇ. ಈ ಸಮುದ್ರದಲ್ಲಿ ಮೀನಿನ ಆಹಾರವಾಗುವ ಸೂಕ್ಷ್ಮ ಜೀವಿಗಳು ಕಡಿಮೆ. ಗೋಜೋದಲ್ಲಿ ಮಣ್ಣು ಹೊತ್ತು ತರುವ ನದಿಯೂ ಇಲ್ಲ. ಅದಕ್ಕೇ ಗಾಜಿನ ಹಾಗೆ ಕಾಣುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಮಳೆಗಾಲ ಬಂದರೆ ಆಳದ ನೀರು ಮೇಲೆ ಬರುತ್ತದೆ, ನದಿಗಳೂ ಸಾರ ತಂದು ಸುರಿಯುತ್ತವೆ. ಆ ಮಂದ ನೀರಿನಲ್ಲೇ ಬಂಗುಡೆ, ಬೂತಾಯಿ ಕೊಬ್ಬುವುದು. ಇದನ್ನು ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. "ಹಂಗಾರೆ ನಮ್ಮದು ಕೆಸರಲ್ಲ, ಗಂಜಿ" ಅಂದಳು. ಊರಿನ ಸಮುದ್ರ ಕೊಳಕು ಅಂತ ಇಲ್ಲಿನ ಗೆಳೆಯರ ಹತ್ತಿರ ಎಷ್ಟೋ ಸಲ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ.

ಕೊನೆಯ ದಿನ ಬೆಳಿಗ್ಗೆ ನಾನು ಏಳುವಾಗ ಅಮ್ಮ ಮಂಚದಲ್ಲಿರಲಿಲ್ಲ. ಮಹಡಿಯಲ್ಲಿ ಇಬ್ಬರ ದನಿ ಕೇಳಿಸುತ್ತಿತ್ತು, ಕನ್ನಡವೂ ಮಾಲ್ಟೀಸೂ. ಹೋಗಿ ನೋಡಿದರೆ ಹಗ್ಗದ ಮೇಲಿನ ಬಟ್ಟೆಗಳು ನಿನ್ನೆಯ ವಿರುದ್ಧ ದಿಕ್ಕಿಗೆ ತೂಗುತ್ತಿದ್ದವು. ಬೆಚ್ಚಗಿನ, ಅಂಟಂಟು ಗಾಳಿ.

"ಶ್ಲೋಕ್" ಅಂದರು ಯಜಮಾನಿ.

"ಇವತ್ತು ಆ ದಾಳಿಂಬೆ ಕಡೆ ಬೇಡ, ಅಲೆ ಇರ್ತದೆ" ಅಂದಳು ಅಮ್ಮ. "ಗಾಳಿ ದಡಕ್ಕೆ ಹೊಡೆದ್ರೆ ತುರಿಸೋ ಜೆಲ್ಲಿಮೀನೂ ಬರ್ತದೆ. ಕೆಂಪು ಮರಳಿನ ಕಡೆ ಹೋಗುವ."

ರಮ್ಲಾ ಉತ್ತರಕ್ಕೆ ಮುಖ ಮಾಡಿದೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಆಗಲೇ ಗೀಟು ಹಾಕಿ ಮುಗಿಸಿದ್ದೆ. ಕಾರಿನ ಕೀಲಿ ತೆಗೆದುಕೊಂಡು ಕೆಳಗೆ ಬಂದೆ. ಅಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದಳು, ಚೂಡಿದಾರ್ ಹಾಕಿಕೊಂಡು, ಕೂದಲು ಹಿಂದಕ್ಕೆ ಬಿಗಿದು ಕಟ್ಟಿ, ಕೈಯಲ್ಲಿ ನನ್ನ ಮಾಸ್ಕ್.