ಮುಂದಿನ ಭಾಗ ಬೇಡ

ಸರಸ್ವತಿಪುರಂನ ಅಕ್ಕನ ಮನೆಯಲ್ಲಿ ಇವತ್ತು ಟರ್ಮಿನೇಟರ್ ಸಿನಿಮಾದ ಎರಡನೆಯ ಭಾಗ ಹಾಕಿದ್ದೆವು. ಪಿಯುಸಿ ಓದುವ ಅವಳ ಮಗ ಕಣ್ಣೊರೆಸಿಕೊಂಡು, "ಮಾವ, ಮುಂದಿನದು ಹಾಕಿ" ಎಂದ.

ಬೇಡ ಎಂದೆ.

1991ರ ಆ ಕೊನೆಯ ದೃಶ್ಯ ನೆನಪಿದೆಯಲ್ಲ? ತನ್ನನ್ನು ತಾನು ನಾಶಮಾಡಿಕೊಳ್ಳಲು ಆ ಯಂತ್ರಮಾನವನಿಗೆ ಸಾಧ್ಯವಿಲ್ಲ. ಅವನು ಕಾಪಾಡಿದ ಹುಡುಗ ಜಾನ್‌ನ ತಾಯಿ ಸಾರಾಳೇ ಗುಂಡಿ ಒತ್ತಬೇಕು. ಸರಪಳಿ ಹಿಡಿದು ಕಾದ ಉಕ್ಕಿನೊಳಗೆ ಇಳಿಯುತ್ತಾನೆ. ಎದೆ ಮುಳುಗುತ್ತದೆ, ತಲೆ ಮುಳುಗುತ್ತದೆ. ಕಡೆಗೆ ಉಳಿಯುವುದು ಒಂದು ಕೈ, ಮೇಲೆತ್ತಿದ ಹೆಬ್ಬೆರಳು.

ಕಥೆ ಅಲ್ಲಿಗೆ ಮುಗಿದಿತ್ತು. ಎಷ್ಟು ಚೆನ್ನಾಗಿ ಮುಗಿದಿತ್ತು!

2003ರಲ್ಲಿ ಮೂರನೆಯದು ಬಂದು, ಯಂತ್ರಗಳು ಮನುಕುಲವನ್ನು ನಾಶಮಾಡುವ ಪ್ರಳಯ ತಪ್ಪಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ ಎಂದಿತು. ಸಾರಾ ಆಗಲೇ ಸತ್ತಿದ್ದಳು. ಹೇಗೋ ಸಹಿಸಿಕೊಂಡೆ.

ಮೂರನೆಯದನ್ನು ಬದಿಗಿಟ್ಟು ಎರಡನೆಯದರಿಂದಲೇ ಕಥೆ ಮುಂದುವರಿಸಿದ 2019ರದ್ದನ್ನು ಮಾತ್ರ ಕ್ಷಮಿಸಲಾರೆ. ಚಿತ್ರ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಜಾನ್‌ನನ್ನು ತಾಯಿಯ ಕಣ್ಣೆದುರೇ ಗುಂಡಿಟ್ಟು ಕೊಲ್ಲುತ್ತಾರೆ. 1984ರ ಮೊದಲ ಚಿತ್ರದಿಂದ ಯಾರನ್ನು ಉಳಿಸಲೆಂದು ಅಷ್ಟು ಜನ ಪ್ರಾಣ ತೆತ್ತರೋ, ಆ ಹುಡುಗನನ್ನು! ಮೊದಲೆರಡು ಚಿತ್ರಗಳನ್ನು ನಿರ್ದೇಶಿಸಿದ ಕ್ಯಾಮರೂನ್ ಅವರೇ ಇದಕ್ಕೆ ನಿರ್ಮಾಪಕರಲ್ಲೊಬ್ಬರು. ಅದೇ ನನಗೆ ಹೆಚ್ಚು ಸಂಕಟ. ಬೇರೆ ಯಾರೋ ಮಾಡಿದ್ದರೆ ಬಿಟ್ಟುಬಿಡುತ್ತಿದ್ದೆ.

ಆ ಸಾವನ್ನು ನಿಮ್ಮಲ್ಲಿ ಯಾರಾದರೂ ಒಪ್ಪಿಕೊಂಡಿದ್ದರೆ, ಹೇಗೆಂದು ದಯವಿಟ್ಟು ಹೇಳಿ.